ಉಮ್ಮು ಐಮನ್‌ರ ಮನೆಯ ದಾರಿ

ಮನುಷ್ಯರ ಭಾಷೆಗಳಲ್ಲಿಯೂ ಮೈಬಣ್ಣಗಳಲ್ಲಿಯೂ ಇರುವ ವೈವಿಧ್ಯವು ಅಲ್ಲಾಹನ ದೃಷ್ಟಾಂತಗಳಲ್ಲೊಂದು ಎಂದು ಪವಿತ್ರ ಕುರ್‌ಆನಿನ ಅರ್‌ರೂಮ್ ಅಧ್ಯಾಯವು ತಿಳಿಸುತ್ತದೆ. ಇದನ್ನು ನಾವು ಮದ್ರಸದಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ಆದರೆ ಆ ದೃಷ್ಟಾಂತವೇ ನಮ್ಮ ಓಣಿಗೆ ಬಾಡಿಗೆ ಮನೆ ಕೇಳಿಕೊಂಡು ಬಂದಾಗ ಅದನ್ನು ಗುರುತಿಸುತ್ತೇವೆಯೇ?

ನಾವು ಹೇಳಹೊರಟಿರುವುದು ಸಿದ್ದಿ ತಾಯಂದಿರ ವಿಷಯ. ಅವರ ಪೂರ್ವಿಕರು ಆಫ್ರಿಕಾದವರು. ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡುಗಳನ್ನು ಸೇರಿದರು. ಇಂದು ಅವರ ಸಂತತಿ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ತಾಲೂಕುಗಳಲ್ಲಿಯೂ ನಮ್ಮದೇ ಜಿಲ್ಲೆಯ ಕಲಘಟಗಿ ತಾಲೂಕಿನಲ್ಲಿಯೂ ನೆಲೆಸಿದೆ. ಅವರಲ್ಲಿ ಹಿಂದೂಗಳೂ ಕ್ರೈಸ್ತರೂ ಮುಸ್ಲಿಮರೂ ಇದ್ದಾರೆ. ಸಿದ್ದಿ ಮುಸ್ಲಿಮರು ಹೆಚ್ಚಾಗಿರುವುದು ಹಳಿಯಾಳದ ಕಡೆ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ದೊರೆತ ಪರಿಶಿಷ್ಟ ಪಂಗಡದ ಮಾನ್ಯತೆ ಧಾರವಾಡ ಮತ್ತು ಬೆಳಗಾವಿ ಜಿಲ್ಲೆಯವರಿಗೆ ದೊರೆತದ್ದು 2020ರಲ್ಲಿ.

ಊರಿನಲ್ಲಿ ಸಿದ್ದಿ ತಾಯಿ ಒಂಟಿಯಲ್ಲ. ಹಳೆಯ ಬಟ್ಟೆಗಳನ್ನು ಜೋಡಿಸಿ ಕೌದಿ ಹೊಲಿಯುವಾಗ ಪಕ್ಕದಲ್ಲಿ ಅಕ್ಕತಂಗಿಯರಿರುತ್ತಾರೆ. ಮಗು ಅತ್ತರೆ ಎತ್ತಿಕೊಳ್ಳಲು ಹತ್ತು ಕೈಗಳಿರುತ್ತವೆ. ದುಡಿಮೆಗಾಗಿ, ಮಕ್ಕಳ ಓದಿಗಾಗಿ ಹುಬ್ಬಳ್ಳಿ-ಧಾರವಾಡಕ್ಕೆ ಬಂದಾಗ ಆ ಕೈಗಳು ಹಿಂದೆ ಉಳಿಯುತ್ತವೆ. ಇಲ್ಲಿ ಎದುರಾಗುವ ಮೊದಲ ಪ್ರಶ್ನೆ, “ನೀವು ಯಾವ ದೇಶದವರು?” ಎಂಬುದು. ತಲೆತಲಾಂತರದಿಂದ ಈ ನೆಲದಲ್ಲಿರುವವಳು ಕನ್ನಡದಲ್ಲಿ ಉತ್ತರಿಸಿದರೂ ಕೇಳಿದವರ ಅಚ್ಚರಿ ಇಳಿಯುವುದಿಲ್ಲ. ಮಕ್ಕಳ ಗುಂಗುರು ಕೂದಲನ್ನು ಕೇಳದೆ ಮುಟ್ಟಿ ನೋಡುವವರೂ ಉಂಟು.

ನಮ್ಮ ಬಳಿ ಓದಲು ಬರುವ ಸಿದ್ದಿ ಬಾಲಕಿಯೊಬ್ಬಳು ತನ್ನ ತಾಯಿಗೆ ಒಂದು ಮಾತು ಹೇಳಿದ್ದಳು: “ಅಮ್ಮೀ, ಬಾಗಿಲಿನ ತನಕ ಬರಬೇಡ, ತಿರುವಿನಲ್ಲಿಯೇ ನಿಲ್ಲು.” ತಾಯಿ ಇದನ್ನು ನಮಗೆ ತಿಳಿಸಿದಾಗ ಆಕೆಯ ದನಿಯಲ್ಲಿ ದೂರಿರಲಿಲ್ಲ. ಆದರೆ ಒಂದು ಮಗು ಹೆತ್ತವಳ ಮುಖವನ್ನು ಮರೆಮಾಡಲು ಎಲ್ಲಿಂದ ಕಲಿಯಿತು? ಪಕ್ಕದಲ್ಲಿ ಕುಳಿತ ಮಕ್ಕಳಿಂದ. ಆ ಮಕ್ಕಳು ಎಲ್ಲಿಂದ ಕಲಿತರು? ನಮ್ಮ ಮನೆಗಳ ಮಾತುಗಳಿಂದ.

ಹಝ್ರತ್ ಅಬೂದರ್(ರ) ಒಮ್ಮೆ ಕೋಪದಲ್ಲಿ ಒಬ್ಬರನ್ನು ಅವರ ತಾಯಿಯ ಹೆಸರೆತ್ತಿ ಹೀಯಾಳಿಸಿದರು. ಆಗ ಪ್ರವಾದಿ(ಸ), ಅವರಲ್ಲಿ ಅಜ್ಞಾನ ಕಾಲದ ಗುಣ ಇನ್ನೂ ಉಳಿದಿದೆ ಎಂದು ಎಚ್ಚರಿಸಿದರು. ಅಂತಹ ಶ್ರೇಷ್ಠ ಸಹಾಬಿಗೇ ಆ ಎಚ್ಚರಿಕೆ ಬೇಕಾಗಿದ್ದರೆ ನಮ್ಮ ಪಾಡೇನು? ಮಗನಿಗೆ ಬಿಲಾಲ್ ಎಂದು ಅಭಿಮಾನದಿಂದ ಹೆಸರಿಡುವ ನಾವು, ಬಿಲಾಲರ(ರ) ಬಣ್ಣದ ಮಗುವನ್ನು ಅಡ್ಡಹೆಸರಿನಿಂದ ಕರೆಯುವುದು ಯಾವ ನ್ಯಾಯ?

ಉಮ್ಮು ಐಮನ್(ರ) ಅಬಿಸೀನಿಯ ಮೂಲದವರು. ಬರಕಾ ಎಂಬುದು ಅವರ ಹೆಸರು. ಪ್ರವಾದಿಯವರ(ಸ) ತಾಯಿ ಆಮಿನಾ ಅಬ್ವಾ ಎಂಬಲ್ಲಿ ತೀರಿಕೊಂಡಾಗ ಆರು ವರ್ಷದ ಆ ಅನಾಥ ಬಾಲಕನನ್ನು ಮಕ್ಕಾಕ್ಕೆ ಮರಳಿ ಕರೆತಂದವರು ಅವರೇ. ಪ್ರವಾದಿ(ಸ) ಅವರನ್ನು ತಾಯಿಯ ಸ್ಥಾನದಲ್ಲಿಟ್ಟು ಗೌರವಿಸಿದರು. ಅವರ ಮಗ ಉಸಾಮಾ(ರ) ಇನ್ನೂ ಎಳೆಯ ಯುವಕನಾಗಿದ್ದಾಗಲೇ ಹಿರಿಯ ಸಹಾಬಿಗಳಿದ್ದ ಸೈನ್ಯದ ನಾಯಕತ್ವವನ್ನು ಅವರಿಗೆ ವಹಿಸಿದರು. ಪ್ರವಾದಿಯವರ(ಸ) ನಿಧನದ ಬಳಿಕ ಅಬೂಬಕರ್(ರ) ಮತ್ತು ಉಮರ್(ರ) ಉಮ್ಮು ಐಮನ್‌ರನ್ನು ಕಾಣಲು ಹೋದರು. ಪ್ರವಾದಿ(ಸ) ಹೋಗುತ್ತಿದ್ದರೆಂಬುದೇ ಅದಕ್ಕೆ ಕಾರಣ.

ಇಲ್ಲಿ ನಾವು ಗಮನಿಸಬೇಕಾದುದು ನಡೆದು ಹೋದವರು ಯಾರು ಎಂಬುದನ್ನು. ಆ ತಾಯಿ ಸಮುದಾಯವನ್ನು ಹುಡುಕಿಕೊಂಡು ಅಲೆಯಲಿಲ್ಲ. ಸಮುದಾಯದ ಅತಿ ಹಿರಿಯರೇ ಅವರ ಬಾಗಿಲಿಗೆ ಹೋದರು.

ಆದ್ದರಿಂದ ಸಹೋದರಿಯರೇ, ನಿಮ್ಮ ಓಣಿಗೆ ಸಿದ್ದಿ ಕುಟುಂಬ ಬಂದರೆ ಅವರು ಸಲಾಮ್ ಹೇಳಲಿ ಎಂದು ಕಾಯಬೇಡಿ. ಮೊದಲು ನೀವೇ ಹೋಗಿ. ಈದಿನ ಶೀರ್‌ಖುರ್ಮಾ ಕಳುಹಿಸಿದರೆ ಸಾಲದು. ಅವರ ಮನೆಯಲ್ಲಿ ಕುಳಿತು ಅವರ ಕೈಯ ಚಹಾ ಕುಡಿಯಿರಿ. ನಿಮಗೆ ಜ್ವರ ಬಂದ ದಿನ ನಿಮ್ಮ ಮಗುವನ್ನು ಅವರ ಬಳಿ ಬಿಡಿ. ಸಹಾಯ ಪಡೆಯುವವಳಾಗಿ ಮಾತ್ರ ಇದ್ದವಳು ಅತಿಥಿಯಾಗಿಯೇ ಉಳಿಯುತ್ತಾಳೆ. ಸಹಾಯ ಕೇಳಿಸಿಕೊಂಡವಳು ನೆರೆಯವಳಾಗುತ್ತಾಳೆ. ಸಹೋದರರೇ, ಬಾಡಿಗೆ ಮನೆಯನ್ನು ಮುಖ ನೋಡಿ ನಿರಾಕರಿಸಬೇಡಿ. ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತವನಿಗೆ ಓಣಿಯಲ್ಲಿ ಜಾಗವಿಲ್ಲವೆಂದರೆ ಆ ನಮಾಝ್ ನಮಗೆ ಏನನ್ನು ಕಲಿಸಿತು?

ಯಾವ ಮಗುವೂ ತನ್ನ ತಾಯಿಯನ್ನು ತಿರುವಿನಲ್ಲಿ ನಿಲ್ಲಿಸದಂತಹ ಮೊಹಲ್ಲಾಗಳನ್ನು ಕಟ್ಟಲು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.