ದಪ್ಪ ಅಕ್ಷರ, ಒರಟು ಅಂಚು

ಯಕ್ಷಗಾನದ ಪೋಸ್ಟರ್, ಕಂಬಳದ ಬ್ಯಾನರ್, ಬಸ್ಸಿನ ಫಲಕ – ಇವುಗಳ ಮೇಲಿನ ಅಕ್ಷರಗಳನ್ನು ನೀವು ಗಮನಿಸಿದ್ದೀರಾ? ಅವು ಪಾಠಪುಸ್ತಕದ ಅಕ್ಷರಗಳಷ್ಟು ಶಿಸ್ತಿನವಲ್ಲ. ಮೈ ದಪ್ಪ. ಕೆಲವುಗಳ ಅಂಚು ಒಣಗಿದ ಕುಂಚದಿಂದ ಎಳೆದಂತೆ ತರಿತರಿ. ಈ ತುಂಟ ಅಕ್ಷರಗಳೆಂದರೆ ನನಗೆ ಬಹಳ ಇಷ್ಟ.

ಕಂಪ್ಯೂಟರಿನಲ್ಲೂ ಇಂಥ ದಪ್ಪ ಅಕ್ಷರಗಳಿವೆ. ಮುಂಬಯಿಯ ‘ಏಕ್ ಟೈಪ್’ ಬಳಗ ರೂಪಿಸಿದ ‘ಬಾಲೂ’ ಎಂಬ ಗುಂಡುಗುಂಡಾದ ಫಾಂಟಿಗೆ ಕನ್ನಡದಲ್ಲಿ ‘ಬಾಲೂ ತಮ್ಮ’ ಎಂದು ಹೆಸರು. ತಮಿಳಿನಲ್ಲಿ ಅದು ‘ಬಾಲೂ ತಂಬಿ’! ಇದರ ಅಂಚು ಮಾತ್ರ ನುಣುಪು. ಯಾರು ಬೇಕಾದರೂ ಉಚಿತವಾಗಿ ಬಳಸಬಹುದು.

ಅಕ್ಷರವನ್ನು ಎಷ್ಟು ಬೇಕಾದರೂ ದಪ್ಪ ಮಾಡಬಹುದೇ? ನಮ್ಮ ಮೂರು ಊರುಗಳ ಹೆಸರು ಬರೆದು ನೋಡಿ. ‘ಬಂಟ್ವಾಳ’ದಲ್ಲಿ ಸೊನ್ನೆ ಇದೆ, ಒತ್ತಕ್ಷರವೂ ಇದೆ. ‘ಬೆಳ್ತಂಗಡಿ’ಯಲ್ಲೂ ಹಾಗೆಯೇ. ಗೆರೆ ದಪ್ಪವಾದಷ್ಟೂ ಸೊನ್ನೆಯ ತೂತು ಮುಚ್ಚುತ್ತದೆ. ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಡಬೇಕಾದ್ದರಿಂದ ಮೇಲಿನ ಅಕ್ಷರ ಕುಗ್ಗುತ್ತದೆ. ‘ಮೂಡುಬಿದಿರೆ’ಗೆ ಒತ್ತಕ್ಷರವಿಲ್ಲ, ಆದರೆ ಹೆಸರು ಉದ್ದ. ಇನ್ನು ‘ದನ’ ಮತ್ತು ‘ಧನ’ಕ್ಕೆ ಇರುವ ವ್ಯತ್ಯಾಸ ಒಂದು ಪುಟ್ಟ ಗೆರೆ ಮಾತ್ರ. ಅದು ಮಸಿಯಲ್ಲಿ ಮುಳುಗಿದರೆ ಸಂಪತ್ತು ಹೋಗಿ ಹಸು ಬಂದೀತು!

ನಮ್ಮ ಕಣ್ಣಿಗೂ ಒಂದು ಮಿತಿಯಿದೆ. 1 ಮಿಲಿಮೀಟರ್ ಅಂತರವಿರುವ ಎರಡು ಕಪ್ಪು ಗೆರೆಗಳು ಸುಮಾರು ಮೂರೂವರೆ ಮೀಟರ್ ಆಚೆಗೆ ಒಂದಾಗಿ ಕಾಣುತ್ತವೆ. 35 ಮೀಟರ್ ದೂರದಿಂದ ಬೇರೆಬೇರೆಯಾಗಿ ಕಾಣಬೇಕಾದರೆ ಸುಮಾರು 1 ಸೆಂಟಿಮೀಟರ್ ಅಂತರ ಬೇಕು. ಒರಟು ಅಂಚಿನ ಗುಟ್ಟೂ ಇದೇ. ಸಣ್ಣ ತರಿಗಳು ದೂರದವರಿಗೆ ಕಾಣುವುದಿಲ್ಲ. ಹತ್ತಿರ ಬಂದವರಿಗೆ ಮಾತ್ರ ತುಂಟತನ ತೋರುತ್ತವೆ. ಆದರೆ ಅದೇ ಅಕ್ಷರವನ್ನು ಚಿಕ್ಕದು ಮಾಡಿದರೆ ಒಳಗಿನ ತೂತುಗಳೆಲ್ಲ ಮುಚ್ಚಿಹೋಗುತ್ತವೆ.

ಒಂದು ಮಳೆಗಾಲದ ಸಂಜೆ ಬಿ.ಸಿ.ರೋಡಿನಲ್ಲಿ ಅಜ್ಜಿಯೊಬ್ಬರು, “ಅದು ಯಾವ ಬಸ್ಸು ಮಗಾ?” ಎಂದು ಕೇಳಿದರು. ಫಲಕದ ಅಕ್ಷರಗಳು ಚೆಂದವಾಗಿದ್ದವು, ಆದರೆ ಒಂದಕ್ಕೊಂದು ಅಂಟಿಕೊಂಡಿದ್ದವು. ಬಸ್ಸು ತೀರಾ ಹತ್ತಿರ ಬಂದ ಮೇಲೆಯೇ ‘ಬೆಳ್ತಂಗಡಿ’ ಎಂದು ನನಗೂ ತಿಳಿದದ್ದು. ಕೈ ಎತ್ತುವಷ್ಟರಲ್ಲಿ ಬಸ್ಸು ಹೋಗಿತ್ತು. ಅಜ್ಜಿ ಕತ್ತಲಲ್ಲಿ ಮುಂದಿನ ಬಸ್ಸಿಗೆ ಕಾಯಬೇಕಾಯಿತು.

ಆದ್ದರಿಂದ ಮಕ್ಕಳೇ, ತುಂಟ ಅಕ್ಷರಗಳನ್ನು ಗೋಡೆಪತ್ರಿಕೆಯ ತಲೆಬರಹಕ್ಕೆ, ನಾಟಕದ ಹೆಸರಿಗೆ, ಭೂತದ ಕತೆಗೆ ಧಾರಾಳವಾಗಿ ಬಳಸಿ. ಎರಡು ಮೂರು ಪದ ಸಾಕು. ಅದರ ಕೆಳಗಿನ ಬರಹ ಸರಳ ಅಕ್ಷರದಲ್ಲಿರಲಿ. ನೇತ್ರಾವತಿಯ ದಡದಲ್ಲಿ ‘ಇಲ್ಲಿ ಆಳವಿದೆ, ಇಳಿಯಬೇಡಿ’ ಎಂದು ಬರೆಯುವುದಾದರೆ ಅಲ್ಲಿ ತುಂಟಾಟ ಬೇಡವೇ ಬೇಡ.

ಮಾಡಿ ನೋಡಿ: ನಿಮ್ಮ ಊರಿನ ಹೆಸರನ್ನು ದಪ್ಪವಾಗಿ ಬರೆದು ಶಾಲೆಯ ಗೋಡೆಗೆ ಅಂಟಿಸಿ. ಹೆಜ್ಜೆ ಎಣಿಸುತ್ತಾ ಹಿಂದೆ ಹೋಗಿ. ಮೊದಲು ಮಾಯವಾಗುವುದು ಸೊನ್ನೆಯೋ, ಒತ್ತಕ್ಷರವೋ?