ಜಾಗ ಬದಲಿಸಿದ ಮದ್ದಿನಮನೆ

ಚಿನಕುರಳಿಯಿಂದ ಪಾಂಡವಪುರದ ಮಾರ್ಗವಾಗಿ ಶ್ರೀರಂಗಪಟ್ಟಣಕ್ಕೆ ಬರುವ ಪ್ರವಾಸಿಗೆ ರೈಲುನಿಲ್ದಾಣದ ಬಳಿ ಟಿಪ್ಪುವಿನ ಕಾಲದ ಶಸ್ತ್ರಾಗಾರವೊಂದು ಕಾಣುವುದು. 1799ರ ಮುತ್ತಿಗೆಯನ್ನು ಕಂಡ ಈ ಇಟ್ಟಿಗೆ-ಗಾರೆಯ ಕಟ್ಟಡ ಈಗ ನಿಂತಿರುವುದು ತನ್ನ ಮೂಲಸ್ಥಾನದಲ್ಲಲ್ಲ. ಬೆಂಗಳೂರು–ಮೈಸೂರು ಜೋಡಿಹಳಿಗೆ ಅದು ಅಡ್ಡವಾಗಿತ್ತು. ಸಂರಕ್ಷಿತ ಸ್ಮಾರಕವಾದುದರಿಂದ ಕೆಡಹುವಂತಿರಲಿಲ್ಲ. ಪುರಾತತ್ತ್ವ ಇಲಾಖೆಯ ಒಪ್ಪಿಗೆಗಾಗಿ ರೈಲ್ವೆಯವರು ವರ್ಷಗಟ್ಟಲೆ ಕಾದರು. ಕೊನೆಗೆ ಅನುಮತಿ ದೊರೆತುದು ಕೆಡಹಲಿಕ್ಕಲ್ಲ, ಇಡಿಯಾಗಿ ಸರಿಸಲಿಕ್ಕೆ. 2017ರಲ್ಲಿ, ಸುಮಾರು 1,000 ಟನ್ ತೂಕದ ಕಟ್ಟಡವನ್ನು ಜಾಕುಗಳಿಂದ ಮೇಲೆತ್ತಿ, ಮೆಲ್ಲಮೆಲ್ಲನೆ ದೂರ ಜರುಗಿಸಿ ನಿಲ್ಲಿಸಿದರು. ಹಳಿಯೂ ಬಂದಿತು, ಗೋಡೆಯೂ ಉಳಿಯಿತು. ಆದರೆ ಕಟ್ಟಡದೊಡನೆ ಅದರ ನೆಲವನ್ನು ಸಾಗಿಸುವ ಅನುಮತಿಯನ್ನು ಯಾರು ಕೊಡಬಲ್ಲರು? ನೋಡಹೋದವರು ಹಳಿ ಹಾಯ್ದ ಆ ಹಳೆಯ ಜಾಗದತ್ತಲೂ ಒಮ್ಮೆ ಕಣ್ಣು ಹಾಯಿಸಬೇಕು; ಸ್ಮಾರಕದ ಅರ್ಧ ಕಥೆ ಅಲ್ಲಿಯೇ ಉಳಿದಿದೆ.