ಅಳತೆ ತಪ್ಪಿದ ಎಂಟು ಜಿಬಿ

ಪಿಯುಸಿ ಓದುವ ಹುಡುಗಿಯ ಮನೆಯಲ್ಲೊಂದು ಹಳೆಯ ಕಂಪ್ಯೂಟರ್. ಎರಡು ಕೆಲಸ ಒಟ್ಟಿಗೆ ಕೊಟ್ಟರೆ ನಿಂತೇಬಿಡುತ್ತಿತ್ತು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದಳು. 4 ಜಿಬಿ ರ‍್ಯಾಮ್ ಸದಾ ಭರ್ತಿ. "ಅಪ್ಪಾ, ಹೊಸ ಕಂಪ್ಯೂಟರ್ ಬೇಡ, ರ‍್ಯಾಮ್ ಹೆಚ್ಚಿಸಿದರೆ ಸಾಕು" ಎಂದಳು.

ಅಪ್ಪ ದರ್ಜಿ. ಮದುವೆ ಕಾಲದಲ್ಲಿ ರಾತ್ರಿಯೆಲ್ಲ ಕೂತು ಹೊಲಿದ ಹಣ ಹಿಡಿದು ಪೇಟೆಗೆ ಹೋದರು. "ಎಷ್ಟರದ್ದು?" ಎಂದು ಅಂಗಡಿಯವ ಕೇಳಿದ. "ಎಂಟರದ್ದು" ಎಂದರು. ಅವನು ಕೊಟ್ಟ, ಇವರು ತಂದರು.

ಮನೆಯಲ್ಲಿ ಪಟ್ಟಿ ಕೂರಲೊಲ್ಲದು. "ಹೊಸದಲ್ವೇನಮ್ಮಾ, ಬಿಗಿ ಇರುತ್ತೆ. ಸ್ವಲ್ಪ ಒತ್ತು" ಎಂದರು ಅಪ್ಪ. ಹುಡುಗಿ ಒತ್ತಲಿಲ್ಲ. ಹಳೆಯ ಪಟ್ಟಿಯನ್ನು ಬಿಚ್ಚಿ ಹೊಸದರ ಪಕ್ಕ ಹಿಡಿದಳು. ಉದ್ದ ಒಂದೇ, ಆದರೆ ಕೆಳಗಿನ ಕಚ್ಚು ಬೇರೆ ಜಾಗದಲ್ಲಿತ್ತು. ಹಳೆಯದರ ಚೀಟಿಯಲ್ಲಿ ಪಿಸಿ3, ಹೊಸದರಲ್ಲಿ ಪಿಸಿ4.

ಅಂದರೆ ಹಳೆಯದು ಡಿಡಿಆರ್3, ಹೊಸದು ಡಿಡಿಆರ್4. ಮೊದಲಿನದಕ್ಕೆ 240 ಸಂಪರ್ಕಬಿಂದುಗಳು, 1.5 ವೋಲ್ಟ್, ಎರಡನೆಯದಕ್ಕೆ 288 ಬಿಂದುಗಳು, 1.2 ವೋಲ್ಟ್. ಡಿಡಿಆರ್5ಕ್ಕೂ 288 ಬಿಂದುಗಳೇ, ಆದರೆ ಅದರ ಕಚ್ಚು ಮತ್ತೊಂದು ಕಡೆ. ಒಂದರ ಜಾಗದಲ್ಲಿ ಇನ್ನೊಂದು ಕೂರದಿರಲೆಂದೇ ತಯಾರಕರು ಕಚ್ಚನ್ನು ಹೀಗೆ ಇಟ್ಟಿದ್ದಾರೆ. ಬಲವಂತ ಮಾಡಿದ್ದರೆ ಪಟ್ಟಿಯ ಜೊತೆಗೆ ಮದರ್‌ಬೋರ್ಡೂ ಹಾಳಾಗುತ್ತಿತ್ತು.

ಅಪ್ಪನ ಮುಖ ಸಣ್ಣದಾಯಿತು. "ದಿನಾ ಅಳತೆ ತಗೊಂಡೇ ಬಟ್ಟೆ ಕತ್ತರಿಸೋನು ನಾನು. ಇದಕ್ಕೆ ಅಳತೆ ಕೇಳಲೇ ಇಲ್ಲ ನೋಡು" ಎಂದರು. ಹುಡುಗಿಗೂ ನಾಚಿಕೆಯಾಯಿತು. ಅಳತೆ ಬರೆದುಕೊಡಬೇಕಾದವಳು ತಾನಲ್ಲವೇ?

ಆ ರಾತ್ರಿ ಅವಳು ಮದರ್‌ಬೋರ್ಡಿನ ಮೇಲಿದ್ದ ಮಾದರಿ ಸಂಖ್ಯೆ ಓದಿ, ಅದರ ಕೈಪಿಡಿ ಹುಡುಕಿದಳು. ಒಂದು ಚೀಟಿಯಲ್ಲಿ ಬರೆದಳು: ಡಿಡಿಆರ್3, ಡೆಸ್ಕ್‌ಟಾಪಿನದು (ಲ್ಯಾಪ್‌ಟಾಪಿನ ಪಟ್ಟಿ ಗಿಡ್ಡ), ವೇಗ 1600, ಖಾಲಿ ಜಾಗ ಒಂದು, ಒಂದು ಜಾಗಕ್ಕೆ ಹೆಚ್ಚೆಂದರೆ 8 ಜಿಬಿ. ವಿಂಡೋಸ್ 64 ಬಿಟ್‌ನದೇ ಎಂದೂ ಖಚಿತಪಡಿಸಿಕೊಂಡಳು. 32 ಬಿಟ್‌ನದಾಗಿದ್ದರೆ ಸಾಮಾನ್ಯವಾಗಿ 4 ಜಿಬಿಗಿಂತ ಹೆಚ್ಚಿನದು ಬಳಕೆಗೆ ಬರುವುದಿಲ್ಲ.

ಮರುದಿನ ಅಪ್ಪ ಮಗಳು ಇಬ್ಬರೂ ಹೋದರು. ಬಿಲ್ಲಿತ್ತು, ಪಟ್ಟಿಗೆ ಗೀರು ಬಿದ್ದಿರಲಿಲ್ಲ. ಅಂಗಡಿಯವ ಚೀಟಿ ನೋಡಿ ಬದಲಾಯಿಸಿಕೊಟ್ಟ. "ಎರಡು ಪಟ್ಟಿಗಳ ವೇಗ ಬೇರೆ ಇದ್ದರೆ ಎರಡೂ ನಿಧಾನದ್ದರ ವೇಗಕ್ಕೇ ಇಳಿಯುತ್ತವೆ. ನಿಮ್ಮದು ಎರಡೂ 1600, ಚಿಂತೆಯಿಲ್ಲ" ಎಂದ.

ಮನೆಗೆ ಬಂದು ವಿದ್ಯುತ್ ತಂತಿ ಕಿತ್ತು, ಮೈಯ ಸ್ಥಾಯಿ ವಿದ್ಯುತ್ ಇಳಿಯಲೆಂದು ಪೆಟ್ಟಿಗೆಯ ಲೋಹದ ಭಾಗ ಮುಟ್ಟಿ, ಹುಡುಗಿ ಪಟ್ಟಿಯನ್ನು ಕಚ್ಚಿಗೆ ಸರಿಹೊಂದಿಸಿ ನೇರವಾಗಿ ಒತ್ತಿದಳು. ಕೊನೆಯ ಹಿಡಿ 'ಟಿಕ್' ಎಂದಿತು. ಪರದೆಯ ಮೇಲೆ 12 ಜಿಬಿ.

ಮಕ್ಕಳು ಏನಾದರೂ ಕೇಳಿದಾಗ ಹಣ ಹೊಂದಿಸುವುದು ಹೆತ್ತವರ ಪಾಡು. ಬೇಕಾದದ್ದು ಇಂಥದ್ದೇ ಎಂದು ನೋಡಿ, ತಿಳಿದು, ಬರೆದು ಕೊಡುವುದು ಮಕ್ಕಳ ಪಾಲಿನ ಕೆಲಸ. ಆ ಚೀಟಿ ಈಗಲೂ ಅಪ್ಪನ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ಗಿರಾಕಿಗಳ ಅಳತೆ ಪುಸ್ತಕದೊಳಗೆ ಇದೆ.